ಬೇರಿಯಾಟ್ರಿಕ್ (ತೂಕ ಇಳಿಸುವ) ಆಪರೇಶನ್ ಆಗಿ ಐದು ವರ್ಷ ಆಗ್ತಾ ಬಂತು, ಇಳಿದ ತೂಕ ಮತ್ತೆ ಏರುತ್ತಿದೆ. ದಾರಿಗೆ ಬಂದವರು ಯಾರಾದ್ರೂ ಇದ್ದೀರಾ?

ಕಟಿಂಗ್ ಮಾಸ್ಟರ್, ಬಳ್ಳಾರಿ
ಸೋಮವಾರ, ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಇವತ್ತು ಬರೆಯಲೇಬೇಕು ಅನ್ನಿಸಿತು.

ನಮ್ಮದು ಜೀನ್ಸ್ ಕೆಲಸ. ಇಪ್ಪತ್ತು ವರ್ಷದಿಂದ ಬೇರೆಯವರ ಸೊಂಟದ ಅಳತೆಗೆ ಬಟ್ಟೆ ಕತ್ತರಿಸುತ್ತಿದ್ದೇನೆ. 2021ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಹೊಟ್ಟೆ ಸಣ್ಣ ಮಾಡುವ ಸ್ಲೀವ್ ಆಪರೇಶನ್ ಆಯ್ತು. ಆಗ 128 ಕೆಜಿ ಇದ್ದೆ, ಎತ್ತರ ಐದಡಿ ಏಳಿಂಚು. ಬಿಎಂಐ, ಅಂದರೆ ಎತ್ತರಕ್ಕೆ ತೂಕದ ಲೆಕ್ಕ, 44 ಬಂದಿತ್ತು, ಸಕ್ಕರೆ ಕಾಯಿಲೆ ಬೇರೆ. ಹಾಗಾಗಿ ಇನ್ಶೂರೆನ್ಸ್‌ನವರು ಜಾಸ್ತಿ ತಕರಾರು ಮಾಡಲಿಲ್ಲ. ಹದಿನೈದು ತಿಂಗಳಲ್ಲಿ 82ಕ್ಕೆ ಇಳಿದೆ. ಸಕ್ಕರೆ ಮಾತ್ರೆ ನಿಂತಿತು, ಗೊರಕೆ ನಿಂತಿತು. ಸೊಂಟ 46 ಇದ್ದದ್ದು 34ಕ್ಕೆ ಬಂತು. ಆ 34ರ ಪ್ಯಾಂಟ್ ನಾನೇ ಕತ್ತರಿಸಿ, ನಾನೇ ಮಷೀನ್ ಮೇಲೆ ಕೂತು ಹೊಲಿದೆ. ಅವತ್ತಿನ ಖುಷಿ ಈಗ ನೆನಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಆಮೇಲೆ 36 ಆಯ್ತು. ಬಟ್ಟೆ ಕುಗ್ಗಿರಬೇಕು ಅಂದುಕೊಂಡೆ. ಡೆನಿಮ್ ಒಗೆದ ಮೇಲೆ ಎಷ್ಟು ಕುಗ್ಗುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಹೇಳಿ! ಆದ್ರೂ ಹಾಗೇ ಅಂದುಕೊಂಡೆ. ಆಮೇಲೆ 38. ಈ ದೀಪಾವಳಿಗೆ ಒಳಗಿನಿಂದ ಎಲಾಸ್ಟಿಕ್ ಹಾಕಿಕೊಂಡೆ. ನಮ್ಮ ಹುಡುಗರಿಗೆ ಕಾಣಬಾರದು ಅಂತ ರಾತ್ರಿ ಎಲ್ಲರೂ ಹೋದ ಮೇಲೆ ಹೊಲಿದೆ.

ಮನೆಯ ತೂಕದ ಮಷೀನು ಅಟ್ಟ ಸೇರಿ ಒಂದೂವರೆ ವರ್ಷ ಆಯ್ತು. ಮೊನ್ನೆ ಗೋದಾಮಿನಲ್ಲಿ ಯಾರೂ ಇಲ್ಲದಾಗ ಬಟ್ಟೆ ಬೇಲ್ ತೂಗುವ ಕಾಟಾ ಮೇಲೆ ನಿಂತೆ. 101.

ಕೇಳಬೇಕಾದದ್ದು ಮೂರು ಮಾತು. ಹೊಟ್ಟೆಯ ಚೀಲ ಹಿಗ್ಗಿಬಿಟ್ಟಿದೆಯಾ? ನೆಟ್‌ನಲ್ಲಿ ಐದು ದಿನದ ಪೌಚ್ ಟೆಸ್ಟ್ ಅಂತ ಇದೆ, ಅದು ಮಾಡಿದರೆ ಚೀಲ ಮತ್ತೆ ಸಣ್ಣ ಆಗುತ್ತಾ? ಇಲ್ಲ ಅಂದರೆ ಇನ್ನೊಂದು ಆಪರೇಶನ್ನೇ ಗತಿಯಾ? 2022ರಿಂದ ಡಾಕ್ಟರ ಹತ್ತಿರ ಹೋಗಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ?

ಸಿಂಧನೂರು ಟೀಚರ್
ಮಂಗಳವಾರ, ಬೆಳಗ್ಗೆ 6:05

ಅಣ್ಣಾ, ಇದೇ ಮುಖ ಇಟ್ಟುಕೊಂಡು ಹೋಗಿ, ಬೇರೆ ಮುಖ ಎಲ್ಲಿಂದ ತರುತ್ತೀರಿ?

ನನ್ನದು 2018ರಲ್ಲಿ ಹೈದರಾಬಾದ್‌ನಲ್ಲಿ ಆದ ಬೈಪಾಸ್, ಹೃದಯದ್ದಲ್ಲ, ತೂಕ ಇಳಿಸಲು ಹೊಟ್ಟೆಗೆ ಮಾಡುವುದು. 112ರಿಂದ 69ಕ್ಕೆ ಇಳಿದಿದ್ದೆ. ಮೂರನೇ ವರ್ಷದಿಂದ ಏರತೊಡಗಿ 84ಕ್ಕೆ ಹೋದೆ. ಈಗ ಎರಡು ವರ್ಷದಿಂದ 73–74ರಲ್ಲಿ ನಿಂತಿದ್ದೇನೆ. 69 ಮತ್ತೆ ಕಾಣಲಿಲ್ಲ, ಕಾಣುವ ಆಸೆಯನ್ನೂ ಬಿಟ್ಟೆ. ತೂಕ ತೀರಾ ಕೆಳಗೆ ಬರುವುದು ಒಂದರಿಂದ ಎರಡು ವರ್ಷದೊಳಗೆ. ಅಲ್ಲಿಂದ ಸ್ವಲ್ಪ ಮೇಲೆ ಬರುವುದು ಬಹಳ ಜನರಿಗೆ ಆಗುತ್ತದೆ. ನಿಮ್ಮದು 19 ಕೆಜಿ, ಅದು ಸ್ವಲ್ಪ ಅಲ್ಲ, ಒಪ್ಪಿದೆ. ಆದ್ರೆ 128ರಿಂದ ಇನ್ನೂ 27 ಕೆಜಿ ಕೆಳಗೇ ಇದ್ದೀರಿ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಚೀಲದ ವಿಷಯ. ಸ್ಲೀವ್‌ನಲ್ಲಿ ಹೊಟ್ಟೆಯ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತೆಗೆದು ಬಾಳೆಹಣ್ಣಿನ ಆಕಾರದ ಕೊಳವೆ ಉಳಿಸುತ್ತಾರೆ. ಶುರುವಿನಲ್ಲಿ ನೂರು, ನೂರೈವತ್ತು ಎಂಎಲ್ ಹಿಡಿಯುತ್ತದೆ. ವರ್ಷ ಕಳೆದಂತೆ ಅದು ಸ್ವಲ್ಪ ಸಡಿಲ ಆಗುವುದು ಸಹಜ. ಹಳೆಯ ಹೊಟ್ಟೆಯಷ್ಟು ಆಗಿರುವುದಿಲ್ಲ. ಎಷ್ಟಾಗಿದೆ ಅಂತ ಎಂಡೋಸ್ಕೋಪಿ ಮಾಡಿದವರು ಹೇಳಬೇಕು, ನೀವೂ ನಾನೂ ಇಲ್ಲಿ ಕೂತು ಹೇಳಲಾಗುವುದಿಲ್ಲ.

ಐದು ದಿನದ ಟೆಸ್ಟ್ ನಾನೂ ಮಾಡಿದ್ದೇನೆ, ಎರಡು ಸಲ. ಮೊದಲು ಎರಡು ದಿನ ಬರೀ ದ್ರವ, ಆಮೇಲೆ ಮೆತ್ತಗಿನ ಪ್ರೋಟೀನ್, ಆಮೇಲೆ ಗಟ್ಟಿ ಪ್ರೋಟೀನ್. ಎರಡೂವರೆ ಕೆಜಿ ಇಳಿಯಿತು. ಆರನೇ ದಿನ ಬೀಗರ ಮನೆಯ ಸೀಮಂತ. ಹತ್ತು ದಿನದಲ್ಲಿ ಅಷ್ಟೂ ವಾಪಸ್. ಇಳಿದದ್ದರಲ್ಲಿ ಜಾಸ್ತಿ ನೀರೇ. ಐದು ದಿನ ಗಂಜಿ ಕುಡಿದರೆ ಚೀಲ ಸಣ್ಣ ಆಗುವುದಿಲ್ಲ ಅಣ್ಣಾ, ಅದೇನು ನಿಮ್ಮ ಡೆನಿಮ್ಮಾ ಒಗೆದರೆ ಕುಗ್ಗಲಿಕ್ಕೆ? ಆಪರೇಶನ್ ಆದ ಹೊಸದರಲ್ಲಿ ಹೇಗೆ ತಿನ್ನುತ್ತಿದ್ದೆವು ಅನ್ನುವುದು ನೆನಪಾಗುತ್ತದೆ, ಅದೊಂದೇ ಲಾಭ.

ಒಂದು ಕೆಲಸ ಮಾಡಿ. ನಾಳೆ ಬೆಳಗ್ಗೆಯಿಂದ ರಾತ್ರಿವರೆಗೆ ಬಾಯಿಗೆ ಹೋದದ್ದೆಲ್ಲ ಗಂಟೆ ಸಮೇತ ಬರೆಯಿರಿ. ತಿದ್ದಬೇಡಿ. ಪೇಪರ್ ತಿದ್ದುವ ಕೆಲಸ ನನ್ನದು.

ಕೊಪ್ಪಳ ಹುಡ್ಗ
ಮಂಗಳವಾರ, ಬೆಳಗ್ಗೆ 9:48

ಲಕ್ಷಗಟ್ಟಲೆ ಖರ್ಚು ಮಾಡಿ ಹೊಟ್ಟೆ ಕೊಯ್ಸಿಕೊಂಡು ಮತ್ತೆ ದಪ್ಪ ಆಗೋದಾ? ಬಾಯಿ ಕಟ್ಟಿದ್ರೆ ಆಪರೇಶನ್ನೇ ಬೇಕಾಗಿರಲಿಲ್ಲ ಬಿಡಿ.

ಸ್ಟಾಫ್ ನರ್ಸ್, ರಾಯಚೂರು
ಮಂಗಳವಾರ, ಮಧ್ಯಾಹ್ನ 2:30

ತಮ್ಮಾ, ನಿನ್ನಂಥ ಮಾತು ಕೇಳಿಕೇಳಿಯೇ ಇವರು ಮೂರು ವರ್ಷ ಡಾಕ್ಟರ ಬಾಗಿಲಿಗೆ ಹೋಗಿಲ್ಲ. ಮೈ ತೂಕ ಇಳಿದಾಗ ದೇಹ ಸುಮ್ಮನೆ ಕೂರುವುದಿಲ್ಲ, ಮೊದಲಿಗಿಂತ ಕಡಿಮೆ ಸುಟ್ಟು ಉಳಿಸಿಕೊಳ್ಳಲು ನೋಡುತ್ತದೆ. ಹಸಿವು ಎಬ್ಬಿಸುವ ಗ್ರೆಲಿನ್ ಅನ್ನುವ ಹಾರ್ಮೋನ್ ಜಾಸ್ತಿ ಹುಟ್ಟುವುದು ಹೊಟ್ಟೆಯ ಮೇಲ್ಭಾಗದಲ್ಲಿ. ಸ್ಲೀವ್‌ನಲ್ಲಿ ಆ ಭಾಗ ತೆಗೆಯುವುದರಿಂದ ಶುರುವಿನಲ್ಲಿ ಹಸಿವೇ ಗೊತ್ತಾಗುವುದಿಲ್ಲ. ವರ್ಷ ಎರಡಾದ ಮೇಲೆ ಎಷ್ಟೋ ಜನರಿಗೆ ಹಸಿವು ಮತ್ತೆ ಕಾಣಿಸಿಕೊಳ್ಳುತ್ತದೆ. ಇದು ಬಿಪಿ, ಶುಗರ್ ತರಹ ಜೀವನಪೂರ್ತಿ ನೋಡಿಕೊಳ್ಳಬೇಕಾದ ಕಾಯಿಲೆ. ಬಿಪಿ ಏರಿದವರಿಗೆ ಯಾರೂ ಬಾಯಿ ಕಟ್ಟು ಅಂತ ಬೈಯುವುದಿಲ್ಲ, ಅಲ್ವಾ?

ಕಟಿಂಗ್ ಮಾಸ್ಟರ್, ಬಳ್ಳಾರಿ
ಬುಧವಾರ, ರಾತ್ರಿ 11:55

ಟೀಚರ್ ಅಕ್ಕ, ಹೇಳಿದ ಹಾಗೆ ಬರೆದಿದ್ದೇನೆ. ತಿದ್ದಿಲ್ಲ.

ಬೆಳಗ್ಗೆ 6:30ಕ್ಕೆ ಟೀ, ನಾಲ್ಕು ಬಿಸ್ಕತ್ತು. 9ಕ್ಕೆ ಇಡ್ಲಿ ಒಂದು. ನಾನು ಎಷ್ಟು ಕಡಿಮೆ ತಿನ್ನುತ್ತೇನೆ ನೋಡಿ ಅಂತ ಎಲ್ಲರಿಗೂ ತೋರಿಸುವುದು ಇದೇ ಇಡ್ಲಿ. 11ಕ್ಕೆ ಪಾರ್ಟಿ ಬಂದರು, ಟೀ. 12:15ಕ್ಕೆ ಇನ್ನೊಬ್ಬರು ಬಂದರು, ಮತ್ತೆ ಟೀ, ಜೊತೆಗೆ ಖಾರಾ ಸ್ವಲ್ಪ. 2:30ಕ್ಕೆ ಜೋಳದ ರೊಟ್ಟಿ ಒಂದು, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ ಎಣ್ಣೆ ಹಾಕಿಕೊಂಡು, ಮಧ್ಯೆ ಮಧ್ಯೆ ನೀರು. ರೊಟ್ಟಿ ಅರ್ಧಕ್ಕೇ ಎದೆ ಹಿಡಿದಂತಾಗುತ್ತದೆ, ನೀರು ಕುಡಿದರೆ ಇಳಿಯುತ್ತದೆ. 5:30ಕ್ಕೆ ಒಗ್ಗರಣೆ ಮಂಡಕ್ಕಿ ಒಂದು ಪ್ಲೇಟ್, ಮಿರ್ಚಿ ಮೂರು, ಟೀ. ಹುಡುಗರಿಗೆ ತರಿಸುವಾಗ ನನಗೂ ಬರುತ್ತದೆ. 8ಕ್ಕೆ ಅವರು ಬಿಟ್ಟ ಮಂಡಕ್ಕಿ ಪೇಪರ್‌ನಲ್ಲಿ ಇತ್ತು, ಎರಡು ಹಿಡಿ. 10:30ಕ್ಕೆ ಮೊಸರನ್ನ. 11ಕ್ಕೆ ಫ್ರಿಜ್‌ನಲ್ಲಿ ಮಗಳ ಬರ್ತ್‌ಡೇ ಕೇಕು.

ಬರೆದು ಮುಗಿಸಿ ಎಣಿಸಿದೆ. ಟೀ ಒಟ್ಟು ನಾಲ್ಕು. ಎಲ್ಲದಕ್ಕೂ ಎರಡೆರಡು ಚಮಚ ಸಕ್ಕರೆ.

ಸ್ಟಾಫ್ ನರ್ಸ್, ರಾಯಚೂರು
ಗುರುವಾರ, ಮಧ್ಯಾಹ್ನ 3:10

ಸರ್, ಸಂಜೆ ಐದೂವರೆಯ ಸಾಲು ಇನ್ನೊಂದು ಸಲ ಓದಿಕೊಳ್ಳಿ. ನೀವು ಒಗ್ಗರಣೆ ಅಂತೀರಿ, ನಮ್ಮ ಕಡೆ ಸುಸಲಾ ಅಂತೀವಿ, ಹೆಸರು ಏನಾದ್ರೂ ಇರಲಿ. ಒಂದು ರೊಟ್ಟಿ ಪೂರ್ತಿ ಇಳಿಯದ ಹೊಟ್ಟೆಗೆ ಒಂದು ಪ್ಲೇಟ್ ಮಂಡಕ್ಕಿ ಹೇಗೆ ಇಳಿಯಿತು? ಮಂಡಕ್ಕಿ ಬಾಯಲ್ಲೇ ಕರಗಿ ಮುದ್ದೆ ಆಗುತ್ತದೆ. ಟೀ ಜೊತೆ ಸೇರಿದರೆ ಕೊಳವೆಯಲ್ಲಿ ಜಾರಿ ಹೋಗುತ್ತದೆ. ಬಿಸ್ಕತ್ತು, ಚಿಪ್ಸ್, ಖಾರಾ, ಐಸ್‌ಕ್ರೀಮ್, ಕೇಕು ಎಲ್ಲವೂ ಇದೇ ಜಾತಿ. ಹೊಟ್ಟೆ ತುಂಬಿತು ಅಂತ ಅನ್ನಿಸುವುದೇ ಇಲ್ಲ. ನಿಮ್ಮ ಚೀಲ ಕೆಟ್ಟಿಲ್ಲ ಅಂತ ಆ ಅರ್ಧ ರೊಟ್ಟಿಯೇ ಹೇಳುತ್ತಿದೆ. ನೀವು ಅದನ್ನು ತಪ್ಪಿಸಿ ಸುತ್ತುದಾರಿಯಲ್ಲಿ ಹೋಗುತ್ತಿದ್ದೀರಿ, ಅಷ್ಟೇ.

ಊಟದ ಮಧ್ಯೆ ನೀರು ನಿಲ್ಲಿಸಿ. ಊಟ ಆಗಿ ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಹಾಗಂತ ದಿನದ ನೀರು ಕಡಿಮೆ ಆಗಬಾರದು, ನಮ್ಮ ಊರುಗಳ ಬಿಸಿಲು ಗೊತ್ತಲ್ಲ. ಒಂದೂವರೆ ಎರಡು ಲೀಟರ್ ಗುಟುಕು ಗುಟುಕಾಗಿ ಹೋಗಬೇಕು. ನೀರು ಮಜ್ಜಿಗೆ ನಡೆಯುತ್ತದೆ. ಸೋಡಾ, ಕಬ್ಬಿನ ಹಾಲು ಬೇಡ.

ಪ್ರೋಟೀನ್ ದಿನಕ್ಕೆ 60ರಿಂದ 80 ಗ್ರಾಂ ಅಂತ ಡಿಸ್ಚಾರ್ಜ್ ಮಾಡುವಾಗ ಹೇಳಿರುತ್ತಾರೆ. ನಿಮ್ಮ ಪಟ್ಟಿಯಲ್ಲಿ ಅದರ ಅರ್ಧವೂ ಇರಲಿಕ್ಕಿಲ್ಲ. ತಟ್ಟೆಯಲ್ಲಿ ಮೊದಲು ಬೇಳೆ, ಮೊಟ್ಟೆ, ಕೋಳಿ, ಪನೀರ್. ಆಮೇಲೆ ಪಲ್ಯ. ಜಾಗ ಉಳಿದರೆ ರೊಟ್ಟಿ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ನೂರು ಗ್ರಾಂ ಪನೀರ್‌ನಲ್ಲಿ 18ರ ಆಸುಪಾಸು ಸಿಗುತ್ತದೆ.

ಡಾಕ್ಟರ ಹತ್ತಿರ ಹೋದಾಗ ಬಿ12, ಕಬ್ಬಿಣ, ವಿಟಮಿನ್ ಡಿ, ಥೈರಾಯ್ಡ್, ಮೂರು ತಿಂಗಳ ಸಕ್ಕರೆ ಇಷ್ಟಂತೂ ನೋಡಿಸಿ. ನಡುವೆ ಬೇರೆ ಯಾವುದಕ್ಕಾದ್ರೂ ಮಾತ್ರೆ ಶುರುವಾಗಿದ್ದರೆ ಚೀಟಿ ಒಯ್ಯಿರಿ. ಸ್ಟೆರಾಯ್ಡ್, ಇನ್ಸುಲಿನ್, ಮನಸ್ಸಿನ ಕಾಯಿಲೆಯ ಕೆಲವು ಮಾತ್ರೆ ಇವೂ ತೂಕ ಏರಿಸುತ್ತವೆ. ಏರಿಸುತ್ತವೆ ಅಂತ ನೀವೇ ನಿಲ್ಲಿಸಬೇಡಿ ಮತ್ತೆ! ವಿಟಮಿನ್ ಮಾತ್ರೆ ಈಗಲೂ ತಗೊಳ್ತಾ ಇದ್ದೀರಾ? ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೆ ಮಧ್ಯೆ ಎರಡು ಗಂಟೆ ಅಂತರ ಬೇಕು. ಕಬ್ಬಿಣದ ಮಾತ್ರೆ ನುಂಗಿ ಮೇಲೆ ಟೀ ಕುಡಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ.

ಗಂಗಾವತಿ ಅಮ್ಮ
ಗುರುವಾರ, ಸಂಜೆ 7:15

ನಾವು ಮೊಟ್ಟೆ, ಮಾಂಸ ಮುಟ್ಟದವರು. ಮಗನಿಗೆ ಆಪರೇಶನ್ ಆಗಿ ಆರು ವರ್ಷ. ಅಡುಗೆ ನಾನೇ ನೋಡುವುದರಿಂದ ಬರೆಯುತ್ತಿದ್ದೇನೆ.

ಮೊಳಕೆ ಹೆಸರುಕಾಳು, ಮಡಿಕೆಕಾಳು, ಕಡಲೆಕಾಳು ವಾರಪೂರ್ತಿ ಸುತ್ತು ಹಾಕುತ್ತೇನೆ. ಸೋಯಾ ಉಂಡೆ ಬಿಸಿನೀರಲ್ಲಿ ನೆನೆಸಿ ಹಿಂಡಿ, ಸಣ್ಣಗೆ ಮಾಡಿ ಪುಂಡಿಪಲ್ಯದಲ್ಲಿ ಬೇಯಿಸಿದರೆ ಹುಳಿಗೆ ಅದರ ವಾಸನೆ ಹೋಗುತ್ತದೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ ಗಟ್ಟಿ ಮಾಡಿ ಕೊಡುತ್ತೇನೆ. ಸಂಜೆಗೆ ಮಂಡಕ್ಕಿ ಬದಲು ಹೆಸರುಕಾಳು ದೋಸೆ.

ಶೇಂಗಾ ಪುಡಿ ಬಗ್ಗೆ ಒಂದು ಮಾತು. ಶೇಂಗಾದಲ್ಲಿ ಪ್ರೋಟೀನ್ ಇದೆ ಅಂತ ನಾನೇ ಮಗನ ತಟ್ಟೆಗೆ ಸುರಿಯುತ್ತಿದ್ದೆ. ನೂರು ಗ್ರಾಂ ಶೇಂಗಾಕ್ಕೆ ಪ್ರೋಟೀನ್ 25 ಗ್ರಾಂ ಇದ್ದರೆ ಕ್ಯಾಲೊರಿ 560ರ ಮೇಲೆ ಅಂತ ಆಹಾರ ತಜ್ಞೆ ಹೇಳಿದ ಮೇಲೆ ಕೈ ಹಿಡಿದೆ. ಈಗ ಒಂದು ಚಮಚ, ಮೇಲೆ ಎಣ್ಣೆ ಇಲ್ಲ, ಮೊಸರಲ್ಲಿ ಕಲಸಿ. ಗುರೆಳ್ಳು ಪುಡಿಗೂ ಇದೇ ಲೆಕ್ಕ.

ಮಗ ಶನಿವಾರ ಶನಿವಾರ ಅಂಜನಾದ್ರಿ ಹತ್ತುತ್ತಾನೆ, 575 ಮೆಟ್ಟಿಲು. ಮೊದಲ ತಿಂಗಳು ಅರ್ಧಕ್ಕೇ ಕೂತು ವಾಪಸ್ ಬರುತ್ತಿದ್ದ. ಭಕ್ತಿಯೋ ವ್ಯಾಯಾಮವೋ, ಹತ್ತಿದರೆ ಸಾಕು ನನಗೆ.

ಹತ್ತಿ ವ್ಯಾಪಾರಿ, ರಾಯಚೂರು
ಶುಕ್ರವಾರ, ಬೆಳಗ್ಗೆ 10:22

ಇಷ್ಟೆಲ್ಲ ಯಾಕೆ? ಈಗ ಇಂಜೆಕ್ಷನ್ ಬಂದಿದೆಯಲ್ಲ, ವಾರಕ್ಕೊಂದು. ನಮ್ಮ ಪರಿಚಯದವರು ಮೆಡಿಕಲ್ ಶಾಪ್‌ನಿಂದ ನೇರ ತಂದು ಹಾಕಿಕೊಳ್ಳುತ್ತಿದ್ದಾರೆ.

ಸ್ಟಾಫ್ ನರ್ಸ್, ರಾಯಚೂರು
ಶುಕ್ರವಾರ, ಮಧ್ಯಾಹ್ನ 2:45

ಆ ಇಂಜೆಕ್ಷನ್‌ಗಳಲ್ಲಿ ಮೌಂಜಾರೊ ನಮ್ಮ ದೇಶಕ್ಕೆ 2025ರ ಮಾರ್ಚ್‌ನಲ್ಲಿ ಬಂತು, ವೆಗೋವಿ ಜೂನ್‌ನಲ್ಲಿ. ಆಪರೇಶನ್ ಆದ ಮೇಲೆ ತೂಕ ಮರಳಿದವರಿಗೆ ಡಾಕ್ಟರುಗಳು ಇವನ್ನು ಬರೆಯುವುದುಂಟು, ತಪ್ಪೇನಿಲ್ಲ. ಆದ್ರೆ ಚೀಟಿ ಇಲ್ಲದೆ ಬೇಡ. ವಾಕರಿಕೆ, ವಾಂತಿ, ಮಲಬದ್ಧತೆ ಬರಬಹುದು. ಮೊದಲೇ ಕಡಿಮೆ ತಿನ್ನುವ ಹೊಟ್ಟೆ, ಇನ್ನೂ ಕಡಿಮೆ ಆದರೆ ಪ್ರೋಟೀನ್ ಪೂರ್ತಿ ಬೀಳುತ್ತದೆ. ಆಪರೇಶನ್ ಆದವರಿಗೆ ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ಬಿ1 ಕೊರತೆಯಾಗಿ ನರಕ್ಕೇ ಪೆಟ್ಟು ಬೀಳುತ್ತದೆ, ಅದನ್ನು ಹಗುರವಾಗಿ ತಗೋಬೇಡಿ. ಮೇದೋಜೀರಕ ಗ್ರಂಥಿ ಊದಿಕೊಂಡ ಇತಿಹಾಸ ಇದ್ದವರು ಅದನ್ನೂ ಮೊದಲೇ ಹೇಳಬೇಕು. ಇಂಜೆಕ್ಷನ್ ನಿಲ್ಲಿಸಿದರೆ ತೂಕ ಬಹಳ ಜನರಿಗೆ ವಾಪಸ್ ಬರುತ್ತದೆ. ಪರಿಚಯದವರಿಗೆ ಇಷ್ಟು ಹೇಳಿ ಸರ್.

ಹೆಸರು ಬೇಡ
ಶುಕ್ರವಾರ, ರಾತ್ರಿ 1:10

ನನ್ನದು ಮಂಡಕ್ಕಿ ಅಲ್ಲ, ಕುಡಿತ. ಬೈಪಾಸ್ ಆದ ಮೇಲೆ ಒಂದು ಪೆಗ್‌ಗೇ ಎರಡು ಪೆಗ್‌ನ ಅಮಲು ಬರುತ್ತಿತ್ತು. ಕಡಿಮೆ ಖರ್ಚಲ್ಲಿ ಆಗುತ್ತದೆ ಅಂತ ನಗುತ್ತಿದ್ದೆ. ಈಗ ದಿನಾ ಬೇಕು. ತೂಕ 14 ಕೆಜಿ ವಾಪಸ್. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಸಿಂಧನೂರು ಟೀಚರ್
ಶನಿವಾರ, ಬೆಳಗ್ಗೆ 5:50

ಇಲ್ಲಿ ಹೇಳಿದಿರಲ್ಲ, ಒಬ್ಬರಿಗಾದ್ರೂ ಹೇಳಿದ ಹಾಗಾಯ್ತು. ಬೈಪಾಸ್ ಆದವರ ಮೈಗೆ ಮದ್ಯ ಬೇಗ ಏರುತ್ತದೆ, ಚಟ ಹತ್ತುವ ಅಪಾಯವೂ ಜಾಸ್ತಿ ಅಂತ ನನಗೂ ಮೊದಲೇ ಎಚ್ಚರಿಸಿದ್ದರು. ಇದು ನಿಮ್ಮೊಬ್ಬರ ಕಥೆ ಅಲ್ಲ. ದಿನಾ ಕುಡಿಯುತ್ತಿದ್ದರೆ ಒಂದೇ ಸಲ ಬಿಡಲಿಕ್ಕೆ ಹೋಗಬೇಡಿ, ನಡುಕ, ಫಿಟ್ಸ್ ಬರಬಹುದು, ಡಾಕ್ಟರ ಕೈಯಲ್ಲೇ ಬಿಡಿ. ಮುಖ ತೋರಿಸಲು ಕಷ್ಟ ಅನ್ನಿಸಿದರೆ ಮೊದಲು 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆಪರೇಶನ್ ಆಗಿದೆ ಅನ್ನುವುದನ್ನು ಮರೆಯದೆ ಹೇಳಿ.

ಕಟಿಂಗ್ ಮಾಸ್ಟರ್, ಬಳ್ಳಾರಿ
ಭಾನುವಾರ, ಮಧ್ಯಾಹ್ನ 12:30

ನಾನು ಇವರ ಹೆಂಡತಿ ಬರೆಯುತ್ತಿರುವುದು. ಫೋನ್ ಚಾರ್ಜಿಗೆ ಹಾಕಲು ಹೋದವಳು ಎಲ್ಲ ಓದಿದೆ, ಬೈದರೂ ಪರವಾಗಿಲ್ಲ.

ಎಲಾಸ್ಟಿಕ್ ವಿಷಯ ನನಗೆ ಗೊತ್ತಿತ್ತು. ಬಟ್ಟೆ ಒಗೆಯುವವಳಿಗೆ ಗೊತ್ತಾಗುವುದಿಲ್ವಾ? ಗೊತ್ತಿದ್ದೂ ಸುಮ್ಮನಿದ್ದೆ. ಯಾಕೆಂದರೆ ಮೊದಲೆಲ್ಲ ತಟ್ಟೆ ನೋಡಿ ನೋಡಿ ಹೇಳುತ್ತಿದ್ದೆ, "ಇಷ್ಟು ಖರ್ಚು ಮಾಡಿದ್ದು ಇದಕ್ಕಾ" ಅಂತ. ನಾನು ಹೇಳಿದಷ್ಟೂ ಇವರು ನನ್ನೆದುರು ಕಡಿಮೆ ತಿಂದು ಅಂಗಡಿಯಲ್ಲಿ ತಿನ್ನತೊಡಗಿದರು. ನಾನು ಏನು ಹೇಳಬೇಕು, ಏನು ಹೇಳಬಾರದು ಅಂತ ಆಪರೇಶನ್ ಮಾಡಿದ ಕಡೆ ಯಾರೂ ನನ್ನನ್ನು ಕೂರಿಸಿ ಹೇಳಲಿಲ್ಲ. ಡಯಟ್ ಚಾರ್ಟ್ ಒಂದು ಕೈಗೆ ಕೊಟ್ಟರು, ಅದೂ ಇಂಗ್ಲಿಷಿನಲ್ಲಿ.

ಹಂಪಿ ಎಕ್ಸ್‌ಪ್ರೆಸ್‌ಗೆ ಎರಡು ಟಿಕೆಟ್ ಮಾಡಿಸಿದ್ದೇನೆ. ಇವರಿಗೆ ಇನ್ನೂ ಹೇಳಿಲ್ಲ, ಇಲ್ಲೇ ಓದಿಕೊಳ್ಳಲಿ.

ಸಿಂಧನೂರು ಟೀಚರ್
ಭಾನುವಾರ, ಮಧ್ಯಾಹ್ನ 12:52

ತಂಗೀ, ನಿಮಗೆ ನೂರಕ್ಕೆ ನೂರು.

ಕೊಪ್ಪಳ ಹುಡ್ಗ
ಭಾನುವಾರ, ಸಂಜೆ 4:18

ಅಣ್ಣಾ, ಅವತ್ತು ಹಾಗೆ ಬರೆದದ್ದಕ್ಕೆ ಕ್ಷಮೆ ಇರಲಿ. ನಮ್ಮಪ್ಪನಿಗೂ ಇದೇ ಆಪರೇಶನ್ ಹೇಳಿದ್ದಾರೆ. ದುಡ್ಡಿನ ಚಿಂತೆಯಲ್ಲಿ ತಲೆ ಕೆಟ್ಟು ಬರೆದುಬಿಟ್ಟೆ.

ಕಟಿಂಗ್ ಮಾಸ್ಟರ್, ಬಳ್ಳಾರಿ
ಎರಡು ತಿಂಗಳ ನಂತರ, ಭಾನುವಾರ, ಬೆಳಗ್ಗೆ 8:00

ತಡವಾಯ್ತು. ಸಂಕ್ರಾಂತಿ ಆರ್ಡರ್ ಮುಗಿಸಿ ಕೂತಿದ್ದೇನೆ.

ಬೆಂಗಳೂರಿಗೆ ಹೋಗಿ ಬಂದೆವು. ಡಾಕ್ಟರ್ ಬೈಯಲಿಲ್ಲ. ಫೈಲ್ ತಿರುವಿ ಹಾಕಿ, "ಮೂರು ವರ್ಷ ಎಲ್ಲಿದ್ದಿರಿ?" ಅಂತ ಕೇಳಿದರು ಅಷ್ಟೇ. ನಾನು ಬಾಯಿ ತೆಗೆಯುವ ಮೊದಲೇ ಇವಳು "ಅಟ್ಟದ ಮೇಲೆ" ಅಂದಳು. ಎಂಡೋಸ್ಕೋಪಿ ಆಯ್ತು. ಕೊಳವೆ ಸ್ವಲ್ಪ ಸಡಿಲ ಆಗಿದೆ, ಐದು ವರ್ಷಕ್ಕೆ ಅಷ್ಟು ಇರುತ್ತದೆ, ಇನ್ನೊಂದು ಆಪರೇಶನ್ ಬೇಡ ಅಂದರು. ಹುಳಿತೇಗಿಗೆ ಮಾತ್ರೆ ಕೊಟ್ಟಿದ್ದಾರೆ. ಬಿ12 ಕಡಿಮೆ, ವಿಟಮಿನ್ ಡಿ ತೀರಾ ಕಡಿಮೆ. ಮಧ್ಯಾಹ್ನ ಮೂರಕ್ಕೆ ಕಣ್ಣು ಮುಚ್ಚುವಷ್ಟು ಸುಸ್ತು ಬರುತ್ತಿತ್ತು, ಅದಕ್ಕೇ ಟೀ ಮೇಲೆ ಟೀ. ಅದರಲ್ಲಿ ಇದರ ಪಾಲೂ ಇರಬಹುದು ಅಂದರು. ಮೂರು ತಿಂಗಳ ಸಕ್ಕರೆ 6.3, ಗಡಿಯಲ್ಲಿದೆ. ಇಂಜೆಕ್ಷನ್ ಕೇಳಿದೆ. ಮೂರು ತಿಂಗಳು ಊಟ ಸರಿ ಮಾಡಿ ಬನ್ನಿ, ಆಮೇಲೆ ನೋಡೋಣ ಅಂದರು.

ಟೀ ಈಗ ಎರಡು, ಸಕ್ಕರೆ ಇಲ್ಲ. ಮೊದಲ ವಾರ ತಲೆನೋವು ಬಂದು ಹುಡುಗರ ಮೇಲೆ ರೇಗಾಡಿದೆ. ಐದೂವರೆಗೆ ಎರಡು ಬೇಯಿಸಿದ ಮೊಟ್ಟೆ, ಉಪ್ಪು, ಮೆಣಸಿನಪುಡಿ. ಮಂಡಕ್ಕಿ ಅಂಗಡಿಯವನು "ಮಾಸ್ತರೇ, ನಮ್ಮಿಂದ ಏನು ತಪ್ಪಾಯ್ತು?" ಅಂತ ಕೇಳಿಕೊಂಡು ಬಂದಿದ್ದ. ವಾರಕ್ಕೊಂದು ದಿನ ಅವನದೇ ಒಂದು ಮಿರ್ಚಿ ತಿನ್ನುತ್ತೇನೆ, ಕೂತು, ಜಗಿದು, ಟೀ ಇಲ್ಲದೆ. ಅದು ಬಿಡಲಾಗುವುದಿಲ್ಲ, ಬಿಡುತ್ತೇನೆ ಅಂತ ಸುಳ್ಳೂ ಹೇಳುವುದಿಲ್ಲ. ಬೆಳಗ್ಗೆ ಬಿಸಿಲೇರುವ ಮುಂಚೆ ಕೋಟೆ ಗುಡ್ಡದ ಕಡೆ ನಡೆಯುತ್ತೇನೆ. ಗೋದಾಮಿನಲ್ಲಿ ಸಣ್ಣ ಥಾನುಗಳನ್ನು ಈಗ ನಾನೇ ಎತ್ತಿಡುತ್ತೇನೆ, ಸ್ನಾಯು ಉಳಿಯಬೇಕು ಅಂದರೆ ಭಾರ ಎತ್ತಬೇಕಂತೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹೋಗಿದ್ದೆವು. ದಾಸೋಹದಲ್ಲಿ ರೊಟ್ಟಿ, ಮಾದಲಿ ಹಾಕಿದರು. ಪ್ರಸಾದ ಬೇಡ ಅನ್ನಬಾರದು. ಮಾದಲಿ ಎರಡು ತುತ್ತು ತಿಂದು ಉಳಿದದ್ದು ಇವಳ ಎಲೆಗೆ ದಾಟಿಸಿದೆ.

ತೂಕದ ಮಷೀನು ಅಟ್ಟದಿಂದ ಇಳಿಸಿದೆವು. ಸೆಲ್ ಸತ್ತುಹೋಗಿತ್ತು, ಹೊಸದು ಹಾಕಿದೆ. ಭಾನುವಾರ ಭಾನುವಾರ ನೋಡುತ್ತೇನೆ. ನಡುವೆ ಎರಡು ವಾರ ಕದಲಲಿಲ್ಲ. ಇವತ್ತು 96.4. ಎಲಾಸ್ಟಿಕ್ ಬಿಚ್ಚಿ ಹೊಸ ಪಟ್ಟಿ ಹಾಕಿ 38 ಮಾಡಿಕೊಂಡಿದ್ದೇನೆ. ಕೂತಾಗ ಗುಂಡಿ ಇನ್ನೂ ಒತ್ತುತ್ತದೆ.

ತಮ್ಮಾ ಕೊಪ್ಪಳ, ನಿಮ್ಮಪ್ಪನ ಇನ್ಶೂರೆನ್ಸ್ ಕಾಗದ ತೆಗೆದು ನೋಡು. ಬಿಎಂಐ 40 ದಾಟಿದ್ದರೆ, ಇಲ್ಲ 35 ದಾಟಿ ತೂಕದಿಂದಾದ ದೊಡ್ಡ ಕಾಯಿಲೆ ಇದ್ದರೆ ಕೇಳಲು ದಾರಿ ಇರುತ್ತದೆ. ನನ್ನ ಕಾಗದಪತ್ರ ಬೇಕಿದ್ದರೆ ತೋರಿಸುತ್ತೇನೆ. ಆ ರಾತ್ರಿ ಬರೆದ ಅಣ್ಣ ಮತ್ತೆ ಇಲ್ಲಿ ಕಾಣಿಸಲಿಲ್ಲ. ಓದುತ್ತಿದ್ದರೆ ಒಂದು ಸಾಲು ಹಾಕಿ.

ಗಂಗಾವತಿ ಅಮ್ಮಾ, ಆ ಹೆಸರುಕಾಳು ದೋಸೆಗೆ ಅಕ್ಕಿ ಹಾಕಲೇಬೇಕಾ? ನಮ್ಮ ಮನೆಯಲ್ಲಿ ಹಂಚು ಬಿಟ್ಟು ಏಳುತ್ತಿಲ್ಲ.

ಗಂಗಾವತಿ ಅಮ್ಮ
ಭಾನುವಾರ, ಬೆಳಗ್ಗೆ 9:34

ಅಕ್ಕಿ ಬೇಡಪ್ಪಾ. ರಾತ್ರಿ ನೆನೆಸಿ, ಬೆಳಗ್ಗೆ ನೀರು ಕಡಿಮೆ ಹಾಕಿ ರುಬ್ಬಲಿ, ಒಂದು ತುಂಡು ಶುಂಠಿ ಸೇರಿಸಿ. ಹಂಚು ಚೆನ್ನಾಗಿ ಕಾದ ಮೇಲೆ ಅರ್ಧ ಉಳ್ಳಾಗಡ್ಡಿ ಎಣ್ಣೆಯಲ್ಲಿ ಅದ್ದಿ ಉಜ್ಜಿ, ಆಮೇಲೆ ಹುಯ್ಯಲಿ. ಮೊದಲನೇ ದೋಸೆ ನಮ್ಮ ಮನೆಯಲ್ಲೂ ಏಳುವುದಿಲ್ಲ.